ಸೈಕಲ್ಲಿಗೆ ಕಟ್ಟಿದ ಬುತ್ತಿ

ಬುತ್ತಿ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಒಂದು ವಿದ್ಯೆಯಾದರೂ ಬೇಕಲ್ಲ, ನನ್ನದು ಇದು. ಹೌರಾದಲ್ಲಿ ರೈಲು ಹತ್ತಿದರೆ ಉಡುಪಿಯಲ್ಲಿ ಇಳಿಯುವವರೆಗೆ ನಮ್ಮ ಮನೆಯವರು ಹೊರಗಿನ ಒಂದು ತುತ್ತನ್ನೂ ಮುಟ್ಟುತ್ತಿರಲಿಲ್ಲ. ನಾನು ಕಟ್ಟಿದ ಇಡ್ಲಿ ಆಂಧ್ರ ದಾಟಿದ ಮೇಲೂ ಹಳಸುತ್ತಿರಲಿಲ್ಲ. ಒಮ್ಮೆ ಎದುರು ಸೀಟಿನ ಸೈನಿಕನೊಬ್ಬ ನನ್ನ ಹುಳಿ ಅವಲಕ್ಕಿ ತಿಂದು, ಕಾಲಿಗೆ ನಮಸ್ಕಾರ ಮಾಡಿ ಇಳಿದು ಹೋದ. ಅವನು ನಮಸ್ಕಾರ ಮಾಡಿದ್ದು ಅವಲಕ್ಕಿಗಲ್ಲ, ನಿನ್ನ ವಯಸ್ಸಿಗೆ ಎಂದು ನನ್ನ ಮಗ ಹೇಳುತ್ತಾನೆ. ಅವನಿಗೆ ಅವಲಕ್ಕಿಯ ಬೆಲೆ ಗೊತ್ತಿಲ್ಲ.

ಹೀಗಿರುವಾಗ ನನ್ನ ಸೊಸೆ ಶೈಲಜಾ ಒಂದು ದಿನ ಕಾಫಿ ಕುಡಿಯುತ್ತಾ, ತಾನು ಸೈಕಲ್ಲಿನಲ್ಲಿ ಸಮುದ್ರಕ್ಕೆ ಹೋಗುತ್ತೇನೆ ಎಂದಳು. ನಾನು ಹೆದರಲಿಲ್ಲ. ರೈಲು ಚಕ್ರದ ಮೇಲೆ ಹೋಗುತ್ತದೆ, ಸೈಕಲ್ಲೂ ಚಕ್ರದ ಮೇಲೆಯೇ ಹೋಗುತ್ತದೆ. ನನಗೆ ಗೊತ್ತಿಲ್ಲದ್ದು ಇದರಲ್ಲಿ ಎಂತ ಉಂಟು?

ನಮ್ಮ ಮನೆ ಕೋಲ್ಕತ್ತದಲ್ಲಿ, ಲೇಕ್ ಮಾರ್ಕೆಟಿನಿಂದ ನಡೆದುಹೋಗುವಷ್ಟು ದೂರದಲ್ಲಿ. ಮಗ ಬ್ಯಾಂಕಿನವನು, ಬ್ಯಾಂಕು ಅವನನ್ನು ಇಲ್ಲಿಗೆ ತಂದು ಹಾಕಿತು, ಅವನ ಹಿಂದೆ ನಾವೂ ಬಂದೆವು. ಎರಡು ವರ್ಷದ ಹಿಂದೆ ಶೈಲಳಿಗೆ ಹೊಟ್ಟೆಯಲ್ಲಿ ಒಂದು ದೊಡ್ಡ ಆಪರೇಷನ್ ಆಯಿತು. ಅದಾದ ಮೇಲೆ ಬಹಳ ಕಾಲ ಅವಳು ಮಂಚ ಬಿಟ್ಟು ಏಳಲಿಲ್ಲ. ನಾನು ಮೀಯಿಸಿದೆ, ತಲೆ ಬಾಚಿದೆ, ಗಂಜಿ ಕುಡಿಸಿದೆ. ಆಸ್ಪತ್ರೆಗೆ ಹೋಗುವಾಗ ಮಗ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ನಿಧಾನಕ್ಕೆ ಎದ್ದಳು, ನಡೆದಳು. ಡಾಕ್ಟರು ಸೈಕಲ್ ತುಳಿಯಬಹುದು ಎಂದದ್ದೇ ತಡ, ಒಂದು ಸೈಕಲ್ ತಂದು ಬೆಳಿಗ್ಗೆ ಬೆಳಿಗ್ಗೆ ಕೆರೆಯ ಸುತ್ತ ತುಳಿಯತೊಡಗಿದಳು. ಅಲ್ಲಿ ಅವಳಿಗೆ ಬೇರೆ ಹೆಂಗಸರ ಒಂದು ಗುಂಪು ಸಿಕ್ಕಿತು. ಅವರ ಮುಖ್ಯಸ್ಥೆ ಮಧುಮಿತಾ ಎಂಬವಳು. ಬಿಳಿ ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ, ನಗುವನ್ನು ಮನೆಯಲ್ಲೇ ಬಿಟ್ಟು ಬರುವ ಹೆಂಗಸು.

ಚಳಿಗಾಲದಲ್ಲಿ ಈ ಗುಂಪು ಬಕ್ಖಾಲಿಯ ಸಮುದ್ರಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಮೊದಲ ದಿನ ಡೈಮಂಡ್ ಹಾರ್ಬರ್, ಆಮೇಲೆ ಕಾಕ್‌ದ್ವೀಪ್, ಆಮೇಲೆ ಸಮುದ್ರ. ಅವರವರ ಸಾಮಾನು ಅವರವರ ಸೈಕಲ್ಲಿನಲ್ಲಿ. ಹಿಂದಿನಿಂದ ಒಂದು ವ್ಯಾನು ಬರುತ್ತದೆ. ಮಧುಮಿತಾಳ ಕಾನೂನು ಒಂದೇ: ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೆ ಡೈಮಂಡ್ ಹಾರ್ಬರ್ ಮುಟ್ಟದವರು, ಸೈಕಲ್ಲನ್ನು ವ್ಯಾನಿಗೆ ಹಾಕಿ, ತಾವೂ ಹತ್ತಿ, ಮನೆಗೆ ವಾಪಸ್ಸು.

"ವ್ಯಾನು ಉಂಟಲ್ಲ ಮಾರಾಯ್ತಿ, ಮತ್ತೆ ಹೆದರಿಕೆ ಎಂತದ್ದು?" ಎಂದೆ ನಾನು.

"ವ್ಯಾನಿನದ್ದೇ ಹೆದರಿಕೆ ಅತ್ತೆ," ಎಂದಳು ಶೈಲ. "ಎರಡು ವರ್ಷ ನನ್ನನ್ನು ಎಲ್ಲರೂ ಹೊತ್ತದ್ದು ಸಾಕು. ಈ ಒಂದು ಸಲ ನನ್ನ ಕಾಲಲ್ಲೇ ಹೋಗಿ ಸಮುದ್ರ ನೋಡಿ ಬರ್ತೇನೆ."

ಮಾತು ನನಗೆ ಅರ್ಥವಾಯಿತು. ಅರ್ಥವಾದದ್ದನ್ನು ಪಕ್ಕಕ್ಕಿಟ್ಟು ನಾನು ಮುಖ್ಯ ವಿಷಯಕ್ಕೆ ಬಂದೆ.

"ತಿನ್ಲಿಕ್ಕೆ ಎಂತ?"

"ಎರಡು ಬಾಟಲಿ ನೀರು, ಬಾಳೆಹಣ್ಣು, ಸ್ವಲ್ಪ ಕಡಲೆಬೀಜ ಬೆಲ್ಲ. ಊಟಕ್ಕೆ ದಾರಿಯಲ್ಲಿ ಹೋಟೆಲ್ ಉಂಟು."

"ಹೋಟೆಲಲ್ಲಿ ಅನ್ನ ಬೇಯುವುದೇ ಮೀನಿನ ಪಕ್ಕದಲ್ಲಿ."

"ನಿರಾಮಿಷ್ ಅಂತ ಕೇಳಿದ್ರೆ ಬೇರೆ ಮಾಡಿ ಕೊಡ್ತಾರೆ ಅತ್ತೆ."

"ಬೇರೆ ಮಾಡ್ತಾರೆ. ಅದೇ ಸೌಟಲ್ಲಿ ತಿರುಗಿಸ್ತಾರೆ."

ಶೈಲ ಸುಮ್ಮನಾದಳು. ಅವಳು ಸುಮ್ಮನಾದರೆ ಒಪ್ಪಿಗೆ ಎಂದು ತಿಳಿದುಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಆ ವಾರ ಮಗ ಬ್ಯಾಂಕಿನ ತಪಾಸಣೆಗೆಂದು ಊರಿನಲ್ಲಿ ಇರಲಿಲ್ಲ. ಮನೆಯಲ್ಲಿ ಬುದ್ಧಿ ಹೇಳುವವರು ಯಾರೂ ಇಲ್ಲದ್ದರಿಂದ ಕೆಲಸ ಸಲೀಸಾಗಿ ಸಾಗಿತು.

ಲೇಕ್ ಮಾರ್ಕೆಟಿನಲ್ಲಿ ನಮ್ಮ ಕಡೆಯ ಸಾಮಾನು ಸಿಗುವ ಅಂಗಡಿಗಳುಂಟು. ಅವಲಕ್ಕಿ, ತೆಂಗಿನಕಾಯಿ, ಬಾಳೆಲೆ, ಎಳ್ಳು, ಎಲ್ಲ ತಂದೆ. ಹುಳಿ ಅವಲಕ್ಕಿ ಒಂದು ದೊಡ್ಡ ಡಬ್ಬಿ. ಎಳ್ಳೆಣ್ಣೆ, ಚಟ್ನಿಪುಡಿ ಸವರಿದ ಇಡ್ಲಿ, ಬಾಳೆಲೆಯಲ್ಲಿ ಸುತ್ತಿದ್ದು. ಮೊದಲ ದಿನಕ್ಕೆ ಮೊಸರನ್ನ, ಮೂರು ಡಬ್ಬಿಯ ಸ್ಟೀಲ್ ಟಿಫಿನ್ ಕ್ಯಾರಿಯರ್ ತುಂಬ. ಎಳ್ಳುಂಡೆ. ಮೊಸರನ್ನಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೆ ಆದೀತೇ? ಊರಿನಿಂದ ಬಂದ ಮಾವಿನಮಿಡಿ, ಹಸಿರು ಗಾಜಿನ ಹಳೆಯ ಭರಣಿ ಸಮೇತ. ಇಡೀ ತೆಂಗಿನಕಾಯಿ ಎರಡು, ಚಟ್ನಿ ಮುಗಿದರೆ ಇರಲಿ ಎಂದು. ತುರಿಮಣೆ ಕಟ್ಟಲು ಮಾತ್ರ ಜಾಗ ಸಾಲಲಿಲ್ಲ. ಅದೊಂದು ಅವಳ ಪುಣ್ಯ.

ಇನ್ನು ನೀರು. ಪರಸ್ಥಳದ ನೀರು ಕುಡಿದರೆ ಗಂಟಲು ಕಟ್ಟುತ್ತದೆ. ಆದ್ದರಿಂದ ಜೀರಿಗೆ ಶುಂಠಿ ಹಾಕಿ ಕುದಿಸಿದ ಮನೆಯ ನೀರನ್ನೇ ಒಂದು ದೊಡ್ಡ ಕ್ಯಾನಿನಲ್ಲಿ ತುಂಬಿಸಿದೆ. ನೀರು ಎಷ್ಟು ಭಾರ ಎಂದು ಬಾವಿಯಿಂದ ಸೇದಿ ಬೆಳೆದವಳಿಗೆ ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಆದರೆ ಹೊರುವವಳು ನಾನಲ್ಲವಲ್ಲ.

ಕ್ಯಾನನ್ನು ಮೆಟ್ಟಿಲಿಳಿಸುವಾಗ ಕೆಳಗಿನ ಮನೆಯ ಘೋಷಬಾಬು ಸಿಕ್ಕಿದರು. ಬಂದರಿನ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ನನ್ನದೇ ವಯಸ್ಸು. ಕಾಳಿಪೂಜೆ ಮುಗಿದ ಮರುದಿನವೇ ಮಂಕಿ ಕ್ಯಾಪ್ ಹಾಕಿ, ಹೋಳಿಯವರೆಗೆ ತೆಗೆಯದ ಮನುಷ್ಯ. ನಾನು ಹಿಂದಿ ಮುರಿದು, ಅದಕ್ಕೆ ಬೆಂಗಾಳಿ ಸೇರಿಸಿ, ಉಳಿದದ್ದನ್ನು ಕೈಯಲ್ಲಿ ತೋರಿಸಿ ಮಾತಾಡುತ್ತೇನೆ. ಅವರಿಗೆ ಎಲ್ಲ ಅರ್ಥವಾಗುತ್ತದೆ. ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

"ಬೌಮಾ ಸೈಕಲ್ಲಲ್ಲಿ ಹೋಗುತ್ತಾಳಾ? ಈ ಚಳಿಯಲ್ಲಿ?" ಎಂದು ಅವರು ಎದೆ ಮುಟ್ಟಿಕೊಂಡರು. ಬೌಮಾ ಎಂದರೆ ಸೊಸೆ. "ದಿದಿ, ನೀವು ಊಟ ನೋಡಿಕೊಂಡಿರಿ, ಸರಿ. ಸರಂಜಾಮು ಯಾರು ನೋಡುತ್ತಾರೆ?"

ಯಾರೂ ನೋಡಿರಲಿಲ್ಲ. ಘೋಷಬಾಬು ಒಳಗೆ ಹೋಗಿ ಒಂದು ಹೊಸ ಮಂಕಿ ಕ್ಯಾಪ್, ಒಂದು ಉದ್ದ ಕೊಡೆ, ಸೊಳ್ಳೆಪರದೆ, ಬಿಸಿನೀರು ತುಂಬುವ ರಬ್ಬರ್ ಚೀಲ, ಮತ್ತು ಬಿಸ್ಕತ್ತಿನ ತಗಡಿನ ಡಬ್ಬಿಯೊಂದರ ತುಂಬ ಮಾತ್ರೆ ಹಿಡಿದುಕೊಂಡು ಬಂದರು. ಗ್ಯಾಸಿಗೆ ಬೇರೆ, ಹುಳಿತೇಗಿಗೆ ಬೇರೆ, ಎರಡೂ ಅಲ್ಲದ ತೊಂದರೆಗೆ ಬೇರೆ.

"ಒಂದು ಹೊಟ್ಟೆಗೆ ಇಷ್ಟೆಲ್ಲ ಯಾಕೆ?" ಎಂದೆ.

"ಹೊಟ್ಟೆ ಒಂದೇ ದಿದಿ. ಅದರ ಯೋಚನೆಗಳು ಹಲವು," ಎಂದರು ಅವರು.

ಉಡುಪಿಯೂ ಬಂಗಾಳವೂ ಹೀಗೆ ಒಂದಾಗಿ ನಿಂತದ್ದು ದೇಶಕ್ಕೆ ಒಳ್ಳೆಯದೇ ಇರಬಹುದು. ಸೈಕಲ್ಲಿಗೆ ಒಳ್ಳೆಯದಾಗಲಿಲ್ಲ. ನಾವಿಬ್ಬರೂ ಸೇರಿ ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ ಸೈಕಲ್ಲಿನ ಹಿಂದೆ ಎಲ್ಲವನ್ನೂ ಬಿಗಿದು ಕಟ್ಟಿ, ಹಿಂದೆ ಸರಿದು ನೋಡಿದೆವು. ಮುಂದಿನ ಚಕ್ರ ನಿಧಾನವಾಗಿ ಮೇಲೆದ್ದಿತು. ಅಷ್ಟು ಮೇಲೆದ್ದು, ಹಾಗೇ ನಿಂತಿತು.

"ತೂಕ ಸರಿಯಾಗಬೇಕು," ಎಂದರು ಘೋಷಬಾಬು. ಸರಿ ಮಾಡಿದೆವು. ಹಿಂದಿನದನ್ನು ಕಡಿಮೆ ಮಾಡಿದರೆ ಸರಿಯಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮುಂದೆ ಹ್ಯಾಂಡಲಿಗೆ ಎರಡು ತೆಂಗಿನಕಾಯಿ, ಉಪ್ಪಿನಕಾಯಿಯ ಭರಣಿ ನೇತುಹಾಕಿದೆವು. ಚಕ್ರ ಇಳಿಯಿತು. ಘೋಷಬಾಬು ನನ್ನ ಕೈ ಕುಲುಕಿದರು.

ಸಂಜೆ ಶೈಲ ಬಂದು ಸೈಕಲ್ಲಿಗೆ ಒಂದು ಪ್ರದಕ್ಷಿಣೆ ಹಾಕಿದಳು.

"ಅತ್ತೆ, ಇದು ಎಷ್ಟು ಜನಕ್ಕೆ?"

"ನಿನಗೊಬ್ಬಳಿಗೇ."

"ನಾನು ವಾಪಸ್ ಬರುವುದಾ, ಬೇಡವಾ?"

ಅವಳು ಬಗ್ಗಿ ಹಗ್ಗ ಬಿಚ್ಚಲು ಹೋದಳು. ನಾನು ಮೂತಿ ಊದಿಸಿಕೊಂಡು ಮೆಟ್ಟಿಲ ಮೇಲೆ ಕೂತೆ. ಈ ಉಪಾಯ ಗಂಡನ ಮೇಲೆ ನಡೆದಿತ್ತು, ಮಗನ ಮೇಲೆ ಈಗಲೂ ನಡೆಯುತ್ತದೆ. ಶೈಲ ಹಗ್ಗ ಬಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತಳು.

"ಆಯ್ತು. ಅಷ್ಟು ತಿಂಗಳು ನೀವು ನನ್ನ ತಲೆ ಬಾಚಿದ್ದೀರಿ. ಒಂದು ದಿನ ನಿಮ್ಮ ಅವಲಕ್ಕಿ ನಾನು ಹೊತ್ತರೆ ಎಂತ ಆಗ್ತದೆ. ಆದರೆ ಟೂಲಿನ ಚೀಲ ಮಾತ್ರ ಕ್ಯಾರಿಯರಿನ ಪಕ್ಕದಲ್ಲೇ ಇರಲಿ, ಕೈಗೆ ಸಿಗಬೇಕು."

ಅವಳು ಹೇಳಿದ ಟೂಲಿನ ಚೀಲ ಒಂದು ಕಪ್ಪು ಚೀಲ. ಒಳಗೆ ಸ್ಪಾನರು, ಪಂಪು, ರಬ್ಬರು. ಅವಳು ಮಲಗಲು ಹೋದ ಮೇಲೆ ನಾನು ಒಮ್ಮೆ ಮುಟ್ಟಿ ನೋಡಿದೆ. ಕೈಗೆ ಗ್ರೀಸು ಹತ್ತಿತು. ಪಕ್ಕದಲ್ಲಿ ನನ್ನ ಮೊಸರನ್ನ. ನಮ್ಮಲ್ಲಿ ಅನ್ನ ಮುಟ್ಟಿದ ಕೈ ತೊಳೆಯದೆ ಉಪ್ಪಿನ ಡಬ್ಬಿ ಮುಟ್ಟುವಂತಿಲ್ಲ, ಮುಸುರೆ ಎನ್ನುತ್ತೇವೆ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದವಳು ಅನ್ನದ ಪಕ್ಕ ಗ್ರೀಸಿನ ಚೀಲ ಇಡಲೇ? ಚೀಲವನ್ನು ಎತ್ತಿ ಚಪ್ಪಲಿ ಇಡುವ ಮೂಲೆಗೆ ಹಾಕಿದೆ. ಅದು ಇದ್ದ ಜಾಗಕ್ಕೆ ಎಳ್ಳುಂಡೆ ಸರಿಯಾಗಿ ಕೂತಿತು. ಬೆಳಿಗ್ಗೆ ಹೊರಡುವಾಗ ಚೀಲವನ್ನು ಬೇರೆ ಎಲ್ಲಾದರೂ ಕಟ್ಟಿದರಾಯಿತು ಎಂದುಕೊಂಡೆ.

ಬೆಳಿಗ್ಗೆ ಹೊರಡುವಾಗ ನನ್ನ ತಲೆಯಲ್ಲಿ ಇದ್ದದ್ದು ನಿಂಬೆಹಣ್ಣು.

ಹೊಸ ಗಾಡಿ ಹೊರಡುವಾಗ ಚಕ್ರದ ಅಡಿ ನಿಂಬೆಹಣ್ಣಿಟ್ಟು, ಅದರ ಮೇಲೆ ಗಾಡಿ ಹಾಯಿಸುವುದು ನಮ್ಮ ಕ್ರಮ. ಮಗನ ಕಾರಿಗೆ ಇಟ್ಟಿದ್ದೆ, ನಿಂಬೆ ಪಚ್ಚೆಂದಿತು, ಕಾರು ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಕೆರೆಯ ಗೇಟಿನ ಎದುರು ಹೆಂಗಸರೆಲ್ಲ ಸೈಕಲ್ ಹಿಡಿದು ಸಾಲಾಗಿ ನಿಂತಿದ್ದರು. ಅವರ ಸೈಕಲ್ಲಿನ ಮೇಲೆ ಒಂದೊಂದು ಸಣ್ಣ ಚೀಲ. ನನ್ನ ಸೊಸೆಯದು ತುಂಬಿದ ಮನೆ. ನನಗೆ ಹೆಮ್ಮೆಯಾಯಿತು. ಮುಂದೆ ಹೋಗಿ ಮುಂದಿನ ಚಕ್ರಕ್ಕೊಂದು, ಹಿಂದಿನ ಚಕ್ರಕ್ಕೊಂದು ನಿಂಬೆಹಣ್ಣು ಒತ್ತಿಟ್ಟೆ.

"ಅತ್ತೆ, ಇದು ಕಾರಲ್ಲ," ಎಂದಳು ಶೈಲ ಮೆಲ್ಲಗೆ.

"ದೇವರಿಗೆ ಎಲ್ಲ ಗಾಡಿಯೂ ಒಂದೇ. ತುಳಿ."

ತುಳಿದಳು. ಕಾರು ನಿಂಬೆಹಣ್ಣನ್ನು ಒಡೆಯುತ್ತದೆ. ಸೈಕಲ್ಲು ಅದರ ಮೇಲೆ ಹತ್ತುತ್ತದೆ. ಹತ್ತಿದ ಮೇಲೆ ನಿಂಬೆಹಣ್ಣು ಅದಕ್ಕೆ ಇಷ್ಟ ಬಂದ ಕಡೆ ಉರುಳುತ್ತದೆ. ಸೈಕಲ್ಲು, ಸೊಸೆ, ಕ್ಯಾರಿಯರ್, ಕೊಡೆ, ಸೊಳ್ಳೆಪರದೆ ಎಲ್ಲ ಸೇರಿ, ಮಳೆಗೆ ಚಪ್ಪರ ಕುಸಿಯುವ ಹಾಗೆ, ನಿಧಾನವಾಗಿ ಎಡಕ್ಕೆ ವಾಲಿ ಮಲಗಿದವು. ಹಸಿರು ಭರಣಿ ಒಡೆಯಿತು. ಮಾವಿನಮಿಡಿಗಳು ರಸ್ತೆ ತುಂಬ ಓಡಾಡಿದವು. ಒಂದು ಬೀದಿನಾಯಿ ಬಂದು ಮೂಸಿ, ಸೀನಿ, ಹಿಂದೆ ಹೋಯಿತು. ಈ ಊರಿನ ನಾಯಿಗಳಿಗೆ ಒಳ್ಳೆಯದು ಯಾವುದೆಂದು ಗೊತ್ತಿಲ್ಲ.

ಶೈಲಳಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮಧುಮಿತಾ ಬಂದು ಸೈಕಲ್ಲನ್ನು ಎತ್ತಲು ನೋಡಿದಳು. ಆಗಲಿಲ್ಲ. ಇನ್ನೊಬ್ಬಳು ಬಂದು ಕೈ ಹಾಕಬೇಕಾಯಿತು.

"ಶೈಲಜಾ, ನೀನು ಮನೆ ಬದಲಾಯಿಸುತ್ತಿದ್ದೀಯಾ?" ಎಂದು ಕೇಳಿದಳು.

ಶೈಲ ನನ್ನ ಕಡೆ ನೋಡಲಿಲ್ಲ. "ಇಲ್ಲ ದಿದಿ, ಎಲ್ಲ ಬೇಕಾದದ್ದೇ," ಎಂದಳು.

"ಹನ್ನೆರಡು ಗಂಟೆ. ನೆನಪಿರಲಿ," ಎಂದಳು ಮಧುಮಿತಾ.

ಅವರೆಲ್ಲ ಹಕ್ಕಿಗಳ ಹಾಗೆ ಹಾರಿಹೋದರು. ನನ್ನ ಸೊಸೆ ಅವರ ಹಿಂದೆ ಕಲ್ಲು ತುಂಬಿದ ಎತ್ತಿನಗಾಡಿಯ ಹಾಗೆ ಹೋದಳು. ಮಿಡಿಯ ಪರಿಮಳ ಮಾತ್ರ ಅವಳಿಗಿಂತ ಮುಂದೆ ಹೋಯಿತು.

ಮನೆಗೆ ಬಂದು ಚಪ್ಪಲಿ ಬಿಟ್ಟೆ. ಬಿಟ್ಟ ಚಪ್ಪಲಿ ಕಪ್ಪು ಚೀಲದ ಮೇಲೆ ಬಿತ್ತು.

ಅದನ್ನು ಎತ್ತಿಕೊಂಡು ಕೆಳಗೆ ಘೋಷಬಾಬುವಿನ ಬಾಗಿಲು ಬಡಿದೆ. ಅವರು ಚೀಲ ಬಿಚ್ಚಿ ಒಂದೊಂದೇ ತೆಗೆದು ನೋಡಿದರು. ಪಂಕ್ಚರ್ ಆದರೆ ಹಾಕುವ ಟ್ಯೂಬು, ಟಯರು ಬಿಚ್ಚುವ ಕಡ್ಡಿ, ಗಾಳಿ ಹೊಡೆಯುವ ಪಂಪು.

"ದಿದಿ, ನಾವು ಕೊಡೆ ಕಳಿಸಿದ್ದೇವೆ. ಸೊಳ್ಳೆಪರದೆ ಕಳಿಸಿದ್ದೇವೆ," ಎಂದರು.

ಫೋನು ಮಾಡಿದೆವು. ಗಂಟೆ ಹೊಡೆಯಿತು, ಎತ್ತಲಿಲ್ಲ. ತುಳಿಯುವವಳು ಹೇಗೆ ಎತ್ತುತ್ತಾಳೆ? ಘೋಷಬಾಬು ಮಂಕಿ ಕ್ಯಾಪ್ ಸರಿಮಾಡಿಕೊಂಡು ರಸ್ತೆಗಿಳಿದು ಒಂದು ಹಳದಿ ಟ್ಯಾಕ್ಸಿ ನಿಲ್ಲಿಸಿದರು. ನಾನು ಚೀಲವನ್ನು ಮಡಿಲಲ್ಲಿಟ್ಟು ಕೂತೆ. ಗ್ರೀಸು ಸೀರೆಗೆ ಹತ್ತಿತು. ಹತ್ತಲಿ ಎಂದು ಬಿಟ್ಟೆ.

ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಬಸ್ಸು, ಲಾರಿ, ಟೊಟೊ ಎಂಬ ಬ್ಯಾಟರಿ ರಿಕ್ಷಾ, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಸೈಕಲ್ಲು ಕಂಡಲ್ಲೆಲ್ಲ ನಾನು "ನಿಲ್ಲಿಸಿ" ಎಂದೆ. ಒಂದು ಹಾಲಿನವನದ್ದು, ಒಂದು ಪೊರಕೆ ಮಾರುವವನದ್ದು, ಒಂದು ಕೋಳಿಗಳದ್ದು. ಡ್ರೈವರು ಮೂರನೇ ಸಲ ನನ್ನ ಕಡೆ ತಿರುಗಿ, ಚಿಕ್ಕಮ್ಮನನ್ನು ಕರೆಯುವ ಮರ್ಯಾದೆಯಲ್ಲೇ, "ಮಾಶಿಮಾ, ನಿಮ್ಮ ಸೊಸೆ ಕೋಳಿಯಲ್ಲ ತಾನೇ?" ಎಂದು ವಿಚಾರಿಸಿದ.

ಆಮ್ತಲಾ ದಾಟುವಾಗ ಮೊದಲು ಕಂಡದ್ದು ಸೊಳ್ಳೆಪರದೆ.

ರಸ್ತೆ ಬದಿಯ ಒಂದು ಚಹದಂಗಡಿಯ ಬೆಂಚಿನ ಮೇಲೆ ಶೈಲ ಕೂತಿದ್ದಳು. ಸೈಕಲ್ಲು ಮರಕ್ಕೆ ಒರಗಿತ್ತು, ಹಿಂದಿನ ಚಕ್ರ ನೆಲಕ್ಕೆ ಅಂಟಿತ್ತು. ಜೊತೆಯವರು ಯಾರೂ ಇರಲಿಲ್ಲ, ಮುಂದೆ ಹೋಗಿಯಾಗಿತ್ತು. ಹಿಂದಿನಿಂದ ಬಂದ ವ್ಯಾನನ್ನೂ ಅವಳೇ ಬೇಡವೆಂದು ಮುಂದೆ ಕಳಿಸಿದ್ದಳಂತೆ. ನಾನು ಟ್ಯಾಕ್ಸಿಯಿಂದಿಳಿದು "ಶೈಲಾ" ಎಂದು ಒಂದು ಹೆಜ್ಜೆ ಇಟ್ಟದ್ದೇ, ಚಹದಂಗಡಿಯ ಹೆಂಗಸು ಕೈಯಲ್ಲಿ ಸೌಟು ಹಿಡಿದುಕೊಂಡು ನಮ್ಮಿಬ್ಬರ ಮಧ್ಯೆ ಬಂದು ನಿಂತಳು. ದಪ್ಪ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನೀನೇನಾ ಅತ್ತೆ?"

"ನಾನೇ."

"ನೋಡಿದರೇ ಗೊತ್ತಾಗುತ್ತದೆ," ಎಂದಳು ಅವಳು. "ಹುಡುಗಿ ಪಾತ್ರೆ, ಹಾಸಿಗೆಯ ಪರದೆ, ತೆಂಗಿನಕಾಯಿ ಎಲ್ಲ ಕಟ್ಟಿಕೊಂಡು ಮನೆ ಬಿಟ್ಟು ಬಂದಿದ್ದಾಳೆ. ಕೈ ತರಚಿದೆ. ಹೊಡೆದಿದ್ದೀಯಾ?"

"ಇಲ್ಲ. ನಿಂಬೆಹಣ್ಣಿನಿಂದ ಬಿದ್ದದ್ದು," ಎಂದೆ.

"ನಿಂಬೆಹಣ್ಣಿನಿಂದ ಹೊಡೆದಿದ್ದಾಳೆ," ಎಂದು ಅವಳು ಸುತ್ತ ನಿಂತವರಿಗೆ ಸಾರಿದಳು. ಸುತ್ತ ಆಗಲೇ ಜನ ಸೇರಿದ್ದರು. ಯಾರೋ ಒಬ್ಬ, ಈಗಿನ ಕಾಲದಲ್ಲೂ ಹೀಗೆಲ್ಲ ನಡೆಯುತ್ತದೆಯೇ ಎಂದು ತಲೆ ಕೊಡವಿದ. ಘೋಷಬಾಬು ಟ್ಯಾಕ್ಸಿಯಿಂದಿಳಿದು ನನ್ನ ಪರವಾಗಿ ಮಾತಾಡಲು ಬಾಯಿ ತೆರೆದರು.

"ಇವನು ಮಾವನಾ?" ಎಂದಳು ಅವಳು. ಘೋಷಬಾಬು ಬಾಯಿ ಮುಚ್ಚಿ ಟ್ಯಾಕ್ಸಿಯ ಹಿಂದೆ ಹೋದರು.

ಆಗ ಶೈಲ ನಕ್ಕಳು. ಸುಮ್ಮನೆ ಅಲ್ಲ, ಬೆಂಚು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಆಪರೇಷನ್ ಆದಾಗ ನಕ್ಕರೆ ಹೊಲಿಗೆ ಹಿಡಿಯುತ್ತದೆ ಎಂದು ಹೆದರಿ ಅವಳು ನಗುವುದನ್ನು ಬಿಟ್ಟಿದ್ದಳು. ಹೊಲಿಗೆ ಮಾಗಿದ ಮೇಲೂ ಆ ನಗು ವಾಪಸ್ಸು ಬಂದಿರಲಿಲ್ಲ. ಅದು ಆಮ್ತಲಾದಲ್ಲಿ, ನನ್ನ ಮರ್ಯಾದೆ ಹೋಗುವ ಹೊತ್ತಿಗೆ ಬರಬೇಕೇ? ಬಂತು. ಬರಲಿ ಎಂದು ನಾನೂ ನಿಂತೆ.

ಶೈಲಳೇ ಚಹದಂಗಡಿಯವಳಿಗೆ ಎಲ್ಲ ವಿವರಿಸಿದಳು. ಅವಳು ನಂಬಿದಳೋ ಇಲ್ಲವೋ, ಸೌಟನ್ನಂತೂ ಕೆಳಗಿಟ್ಟಳು. ನಾನು ಕಪ್ಪು ಚೀಲ ಮುಂದೆ ಹಿಡಿದೆ.

"ಚಪ್ಪಲಿಯ ಹತ್ತಿರ ಇತ್ತು," ಎಂದೆ.

"ಅಲ್ಲಿಗೆ ಹೇಗೆ ಹೋಯ್ತು?"

"ಮೊಸರನ್ನಕ್ಕೆ ತಾಗ್ತಿತ್ತು."

ಶೈಲ ಎನಗಿನ್ನೇನು ಗತಿ ಎನ್ನುವ ಹಾಗೆ ಆಕಾಶ ನೋಡಿದಳು. ನನ್ನ ಮಗನಾಗಿದ್ದರೆ ನಾಲ್ಕು ಮಾತು ಆಡುತ್ತಿದ್ದ. ಇವಳು ಚೀಲ ಬಿಚ್ಚಿ ಕೆಲಸಕ್ಕೆ ಕೂತಳು. ಟಯರಿನ ಒಳಗೆ ಬೆರಳಾಡಿಸಿ ಚುಚ್ಚಿದ್ದನ್ನು ಹುಡುಕಿ, ಕಿತ್ತು, ನನ್ನ ಅಂಗೈ ಮೇಲಿಟ್ಟಳು. ಹಸಿರು ಗಾಜಿನ ಒಂದು ಚೂರು. ಮೂಗಿನ ಹತ್ತಿರ ಹಿಡಿದೆ. ಮಾವಿನಮಿಡಿ.

ಇಲ್ಲಿಯವರೆಗೆ ನನ್ನ ತಪ್ಪು ಚೀಲ ಮರೆತದ್ದು ಮಾತ್ರ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಪಂಕ್ಚರ್ ಮಾಡಿದವಳೂ ನಾನೇ, ಪಂಕ್ಚರ್ ಹಾಕುವ ಸಾಮಾನು ತೆಗೆದಿಟ್ಟವಳೂ ನಾನೇ. ಒಂದು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವಳಲ್ಲ ನಾನು.

ಬಿಸಿಲು ಏರಿತ್ತು. ಹನ್ನೆರಡಕ್ಕೆ ಇನ್ನು ಎರಡು ಗಂಟೆಯೂ ಉಳಿದಿರಲಿಲ್ಲ, ಡೈಮಂಡ್ ಹಾರ್ಬರ್ ಮಾತ್ರ ಇನ್ನೂ ಅರ್ಧ ದಾರಿ ಆಚೆ ಇತ್ತು. ನನಗೆ ಕೊನೆಯ ಉಪಾಯ ಹೊಳೆಯಿತು.

"ಸೈಕಲ್ಲನ್ನು ಟ್ಯಾಕ್ಸಿಯ ಮೇಲೆ ಕಟ್ಟುವ," ಎಂದೆ ಮೆಲ್ಲಗೆ. "ಊರಿನ ಹತ್ತಿರ ಇಳಿಸ್ತೇವೆ. ಕೊನೆಯ ತಿರುವಿನಿಂದ ನೀನೇ ತುಳಿ. ಯಾರಿಗೂ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗ್ತದಲ್ಲ ಅತ್ತೆ," ಎಂದಳು ಶೈಲ, ಟ್ಯೂಬಿಗೆ ಗಾಳಿ ಹೊಡೆಯುತ್ತಾ. ಸಿಟ್ಟಿನಿಂದಲ್ಲ. "ಹೊತ್ತದ್ದು ಸಾಕು ಅಂತ ಹೇಳಿದ್ದೆ. ವ್ಯಾನು ಬೇಡ, ಟ್ಯಾಕ್ಸಿ ಬೇಡ. ನೀವು ನನ್ನನ್ನು ಹೊರುವುದೂ ಬೇಡ, ನಿಮ್ಮ ಅಡುಗೆಮನೆಯನ್ನು ನಾನು ಹೊರುವುದೂ ಬೇಡ. ಇವತ್ತಿಗೆ ಇಬ್ಬರೂ ಇಳಿಸುವ."

ನಾನು ಮೂತಿ ಊದಿಸಲು ನೋಡಿದೆ. ಆಗಲಿಲ್ಲ. ಸೌಟಿನವಳು ನೋಡುತ್ತಿದ್ದಳು.

ಹಗ್ಗ ಬಿಚ್ಚಿದೆವು. ಒಂದೊಂದೇ ಸಾಮಾನು ಟ್ಯಾಕ್ಸಿಗೆ ಏರಿತು. ನೀರಿನ ಕ್ಯಾನನ್ನು ನಾನೇ ಎತ್ತುತ್ತೇನೆ ಎಂದು ಹೋಗಿ, ಎತ್ತಿ, ಅಲ್ಲೇ ಇಟ್ಟೆ. ಇದನ್ನು ಇವಳು ಕೆರೆಯ ಗೇಟಿನಿಂದ ಇಲ್ಲಿಯವರೆಗೆ ಎಳೆದು ತಂದಿದ್ದಳು, ನನ್ನ ಮುಖ ಚಿಕ್ಕದಾಗಬಾರದು ಎಂದು. ನನಗೆ ಗಂಟಲು ಸ್ವಲ್ಪ ಕಟ್ಟಿತು. ಪರಸ್ಥಳದ ಗಾಳಿ ಇರಬೇಕು.

ಚಹದಂಗಡಿಯವಳು ತನ್ನ ಕೊಳವೆಬಾವಿಯ ನೀರನ್ನು ಅವಳ ಎರಡು ಬಾಟಲಿಗೆ ತುಂಬಿಸಿದಳು. ಕುದಿಸದ ನೀರು. ನಾನು ಬೇರೆ ಕಡೆ ನೋಡಿದೆ. ಗೊನೆಯಿಂದ ಎರಡು ಬಾಳೆಹಣ್ಣು ಕಿತ್ತು ಕೊಟ್ಟು, ದುಡ್ಡು ಬೇಡವೆಂದಳು. ಶೈಲ ಎಳ್ಳುಂಡೆ ಒಂದನ್ನು ಬಾಯಿಗೆ ಹಾಕಿಕೊಂಡಳು. ನನ್ನ ಸಮಾಧಾನಕ್ಕೆ ಎಂದು ನನಗೆ ಗೊತ್ತು. ಘೋಷಬಾಬು ಟ್ಯಾಕ್ಸಿಯ ಹಿಂದಿನಿಂದ ಬಂದು ಹೊಸ ಮಂಕಿ ಕ್ಯಾಪನ್ನು ಮುಂದೆ ಚಾಚಿದರು. ಅವಳು ಅದನ್ನು ಜೇಬಿಗೆ ತುರುಕಿಕೊಂಡಳು.

"ಹಿಂದಿನಿಂದ ಬರಬಾರದು. ಆಯ್ತಾ?" ಎಂದು ನನಗೆ ಬೆರಳು ತೋರಿಸಿ ತುಳಿದಳು.

ಈ ಸಲ ಎತ್ತಿನಗಾಡಿ ಹೋಗಲಿಲ್ಲ. ಹಕ್ಕಿ ಹೋಯಿತು.

ವಾಪಸ್ಸು ಬರುವಾಗ ಕ್ಯಾನು ನನ್ನ ಕಾಲಿನ ಮೇಲೆ, ಕ್ಯಾರಿಯರ್ ಮಡಿಲಲ್ಲಿ, ತೆಂಗಿನಕಾಯಿ ಎರಡು ಪಕ್ಕೆಗೆ. ಟ್ಯಾಕ್ಸಿ ಗುಂಡಿಗೆ ಇಳಿದಾಗಲೆಲ್ಲ ನಾನು ಕಟ್ಟಿದ್ದು ನನಗೇ ಬಡಿಯುತ್ತಿತ್ತು. ಬಡಿಯಲಿ ಎಂದು ಕೂತೆ. ಹೊಟ್ಟೆ ಹಸಿದಾಗ ರಸ್ತೆ ಬದಿ ನಿಲ್ಲಿಸಿ ಮೂವರೂ ಮೊಸರನ್ನ ತಿಂದೆವು. ಉಪ್ಪಿನಕಾಯಿ ಇರಲಿಲ್ಲ. ಡ್ರೈವರು ಎರಡನೇ ಸಲ ಹಾಕಿಸಿಕೊಂಡ. ಮನೆ ಮುಟ್ಟಿದ ಮೇಲೆ ಫೋನನ್ನು ಎದುರಿಗಿಟ್ಟು ಕೂತೆ. ಹನ್ನೆರಡು ಹೊಡೆಯಿತು. ಫೋನು ಸುಮ್ಮನಿತ್ತು. ಘೋಷಬಾಬು ತಮ್ಮ ತಗಡಿನ ಡಬ್ಬಿ ತೆಗೆದು, ಎರಡೂ ಅಲ್ಲದ ತೊಂದರೆಯ ಮಾತ್ರೆ ಒಂದು ತಾವು ನುಂಗಿ, ಒಂದು ನನಗೆ ಕೊಟ್ಟರು. ನುಂಗಿದೆ.

ಕೊನೆಗೆ ಬಂತು. ಶೈಲಳದ್ದಲ್ಲ, ಮಧುಮಿತಾಳದ್ದು. ವ್ಯಾನಿಗೆ ಹತ್ತಿಸಿದ್ದಾಳೆ ಎಂದೇ ಎಣಿಸಿದೆ.

"ಮಾಶಿಮಾ," ಎಂದಳು ಅವಳು ಎಂದಿನ ಒಣ ದನಿಯಲ್ಲಿ. "ನಿಮ್ಮ ಸೊಸೆ ಹನ್ನೆರಡಕ್ಕೆ ಸ್ವಲ್ಪ ಮೊದಲೇ ಬಂದಳು. ಊಟ ಮುಗಿಸಿ ಈಗ ಮಲಗಿದ್ದಾಳೆ. ನೀವು ಕಾಯುತ್ತಿರುತ್ತೀರಿ, ಹೇಳಿ ಎಂದಳು."

ನಾನು ದೇವರಿಗೆ ಕೈ ಮುಗಿದೆ. ಆಮೇಲೆ ಆಮ್ತಲಾದ ದಿಕ್ಕಿಗೂ ಮುಗಿದೆ, ಸೌಟಿನವಳಿಗೆ. ಘೋಷಬಾಬು ಎದುರಿಗಿದ್ದರು, ಅವರಿಗೆ ಒಂದು ಇಡ್ಲಿ ಕೊಟ್ಟೆ.

"ಊಟಕ್ಕೆ ಎಂತ ಸಿಕ್ಕಿತು?" ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ.

"ಹೋಟೆಲಿನ ಖಿಚುಡಿ, ನಿರಾಮಿಷ್. ಎರಡು ತಟ್ಟೆ ತಿಂದಳು. ಬಹಳ ಚೆನ್ನಾಗಿದೆ ಎಂದಳು."

ಒಂದು ತಟ್ಟೆ ಎಂದು ಹೇಳಬಹುದಿತ್ತು ಆ ಹೆಂಗಸು.

ಆ ವಾರವೆಲ್ಲ ನಾನೂ ಘೋಷಬಾಬುವೂ ಅವಲಕ್ಕಿ ತಿಂದೆವು. ಅವರ ಹೊಟ್ಟೆಗೆ ಹಲವು ಯೋಚನೆಗಳು ಬಂದವು. ಶೈಲ ಕಾಕ್‌ದ್ವೀಪ್ ಮುಟ್ಟಿದಳು, ಆಮೇಲೆ ಸಮುದ್ರವನ್ನೂ ಮುಟ್ಟಿದಳು, ತನ್ನ ಕಾಲಲ್ಲೇ. ಯಾರೂ ಹೊರಲಿಲ್ಲ. ಅಲ್ಲಿಂದ ಒಂದು ಫೋಟೊ ಕಳಿಸಿದಳು. ಘೋಷಬಾಬು ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು, ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದರು. ಅವರ ಮುಖದಲ್ಲಿ ಚುನಾವಣೆ ಗೆದ್ದವರ ಕಳೆ ಇತ್ತು.

ಹಿಂದೆ ಸಮುದ್ರ, ಮುಂದೆ ಹಲ್ಲು ಬಿಟ್ಟು ನಗುವ ನನ್ನ ಸೊಸೆ. ಗಾಳಿಗೆ ಚಳಿಯಾಗಿರಬೇಕು, ತಲೆಯ ಮೇಲೆ ಮಂಕಿ ಕ್ಯಾಪ್.

ಅಷ್ಟೆಲ್ಲ ಹುರಿದು, ಬೇಯಿಸಿ, ಸು‌ತ್ತಿ, ಬಿಗಿದು ಕಟ್ಟಿದ ಸಾಮಾನಿನಲ್ಲಿ ಸಮುದ್ರ ನೋಡಿದ್ದು ಅದೊಂದೇ. ಅದೂ ನಾನು ಕಟ್ಟಿದ್ದಲ್ಲ.